ಬಾಸ್ ಡಿಎಸ್-1: ಕಮ್ಮಿ ಬಜೆಟ್ಟಿಗೆ ಸಾಕು, ಆದ್ರೆ...

ನಮ್ ತುಮಕೂರಲ್ಲಿ ಗಿಟಾರ್ ಪೆಡಲ್ ತುಳಿದು ನೋಡಿ ತಗೊಳ್ಳೋ ಭಾಗ್ಯ ಕಮ್ಮಿ, ಸುಮಾರು ಜನ ಯೂಟ್ಯೂಬ್ ಡೆಮೋ ಕೇಳ್ಕೊಂಡೇ ಆರ್ಡರ್ ಹಾಕೋದು, ಆದ್ರೆ ಅಲ್ಲಿ ಅವ್ರು ದೊಡ್ಡ ಟ್ಯೂಬ್ ಆಂಪ್‌ಗೆ ಹಾಕಿ ಮೈಕೂ ಇಟ್ಟಿರ್ತಾರೆ, ನಮ್ಮನೇಲಿರೋದು 10 ವ್ಯಾಟ್ ಆಂಪ್ಲಿಫೈಯರ್ ಡಬ್ಬ. ಆ ಡಬ್ಬಕ್ಕೆ ನಾನು ಹಾಕಿ ಬಾರಿಸ್ತಿರೋದು ಬಾಸ್ ಕಂಪ್ನಿಯ ಡಿಎಸ್-1 ಡಿಸ್ಟಾರ್ಷನ್ ಪೆಡಲ್ (ಗಿಟಾರ್ ಸದ್ದನ್ನ ಗರಗರ ಅನ್ನಿಸೋದು), 1978ರಿಂದ ಬರ್ತಿರೋ ಅದೇ ಕಿತ್ತಳೆ ಬಣ್ಣದ್ದು. ಪೂರ್ತಿ ಅನಲಾಗ್, ಒಳಗೆ ಸಿಲಿಕಾನ್ ಡಯೋಡ್‌ಗಳು ಸಿಗ್ನಲ್ಲಿನ ತಲೆ ಕತ್ತರಿಸ್ತವೆ, ಅದ್ರಿಂದ್ಲೇ ಆ ಗರಗರ, ಅಷ್ಟೇ.

ಟೋನ್ ನಾಬ್ (ಬಲಕ್ಕೆ ತಿರುಗಿಸಿದಷ್ಟೂ ಸದ್ದು ಚೂಪು) ಅರ್ಧ ದಾಟಿಸ್ಬೇಡಿ, ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ ಪಿಕಪ್ ಇರೋ) ಗಿಟಾರ್ ಆದ್ರಂತೂ ಕಿವಿಗೆ ಸೂಜಿ ಚುಚ್ದಂಗಾಗುತ್ತೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 9 ಗಂಟೆ ಕಡೆ ಇಟ್ಟು, ಡಿಸ್ಟ್ ನಾಬ್ (ಡಿಸ್ಟಾರ್ಷನ್ ಎಷ್ಟು ಅನ್ನೋದು) ಅರ್ಧಕ್ಕಿಂತ ಕಮ್ಮಿ ಮಾಡಿ, ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿ ನೋಡಿ, ರಿದಮ್ಮಿಗೆ ಒಳ್ಳೆ ಕ್ರಂಚ್ (ಹದವಾದ ಗರಗರ) ಬರುತ್ತೆ. ಡಿಎಸ್-1ರಲ್ಲಿ ಮಿಡ್ (ನಡುವಿನ ಫ್ರೀಕ್ವೆನ್ಸಿ) ಕಮ್ಮಿ, ಅದಕ್ಕೇ ಗಣೇಶನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ರಿದಮ್ ಪ್ಯಾಡು ಮಧ್ಯೆ ಸೋಲೋ ಮುಳುಗಿಹೋಗುತ್ತೆ, ಸ್ಟೇಜಿಗೇ ಅಂತಿದ್ರೆ ರ‍್ಯಾಟ್ ಅನ್ನೋ ಪೆಡಲ್ ವಾಸಿ (ಅದ್ರ ಟೋನ್ ನಾಬ್ ಹೆಸ್ರು ಫಿಲ್ಟರ್, ಅದು ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಮಂಕು). ಪೂರ್ತಿ ಮೆಟಲ್ ಬೇಕಾ, ಬಾಸ್ ಕಂಪ್ನಿದೇ ಮೆಟಲ್ ಝೋನ್ ಪೆಡಲ್ ನೋಡಿ, ಅದ್ರಲ್ಲಿ ಮಿಡ್ ಫ್ರೀಕ್ವೆನ್ಸಿನೇ ಬೇಕಾದ ಕಡೆ ಸರಿಸ್ಬೋದು.

ಅಡಾಪ್ಟರ್ 9 ವೋಲ್ಟ್ ಸೆಂಟರ್ ನೆಗೆಟಿವ್ದೇ (ಪಿನ್ನಿನ ನಡುಭಾಗ ಮೈನಸ್) ಇರ್ಲಿ, ಮನೇಲಿ ಬಿದ್ದಿರೋ ರೂಟರ್‌ದು ಚುಚ್ಬೇಡಿ. ಬ್ಯಾಟರಿ ಹಾಕೋರು ಬಾರಿಸಿ ಮುಗಿದ್ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ, ಕೇಬಲ್ ಚುಚ್ಚಿದ್ರೆ ಲೈಟ್ ಆಫ್ ಇದ್ರೂ ಬ್ಯಾಟರಿ ತಿನ್ತಾನೇ ಇರುತ್ತೆ.