ಮಂಕಾದ ಹೆಡ್‌ಲೈಟ್‌ಗೆ ಉಜ್ಜುವ ಕಿಟ್: ಯುವಿ ಕೋಟಿಂಗ್ ಬಾಟಲಿ ಇದ್ದರೆ ಮಾತ್ರ ತಗೊಳ್ಳಿ

ನಾನು ತಗೊಂಡಿದ್ದು ಕೈಯಲ್ಲೇ ಉಜ್ಜುವ ಕಿಟ್. ಡ್ರಿಲ್ ಮೆಷಿನ್ ಬೇಕಿಲ್ಲ. ಒಳಗೆ 800, 1500, 3000 ನಂಬರಿನ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಾದಷ್ಟು ನಯ), ಒಂದು ಟ್ಯೂಬ್ ಪಾಲಿಶ್, ಒರೆಸೋ ಬಟ್ಟೆ, ಜೊತೆಗೆ ಯುವಿ ಕೋಟಿಂಗ್ (ಬಿಸಿಲಿನ ಅತಿನೇರಳೆ ಕಿರಣ ತಡೆಯೋ ಲೇಪ) ಇರುವ ಪುಟ್ಟ ಬಾಟಲಿ. ಈ ಬಾಟಲಿಗೇ ದುಡ್ಡು ಕೊಡಬೇಕು, ಉಳಿದದ್ದು ಯಾವ ಪೇಂಟ್ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತೆ.

ಯಾಕೆ ಅಂದರೆ, ಈಗಿನ ಹೆಡ್‌ಲೈಟ್‌ಗಳ ಮುಂಭಾಗ, ಅಂದರೆ ಲೆನ್ಸ್, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಗಟ್ಟಿ, ಹಗುರ, ಆದರೆ ಬಿಸಿಲಿನ ಯುವಿ ಕಿರಣಕ್ಕೆ ಹಾಳಾಗುತ್ತೆ. ಅದಕ್ಕೇ ಫ್ಯಾಕ್ಟರಿಯಲ್ಲೇ ಮೇಲೊಂದು ತೆಳು ಪದರ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು, ಸಣ್ಣ ಕಲ್ಲಿನ ಏಟು ತಿಂದು ಆ ಪದರ ಸವೆದಾಗ ಹಳದಿ ಶುರುವಾಗುತ್ತೆ. ಉಜ್ಜಿದಾಗ ಹಳದಿಯ ಜೊತೆ ಉಳಿದಿದ್ದ ಪದರವೂ ಹೋಗುತ್ತೆ, ಅಲ್ವಾ? ಹೊಸ ಕೋಟಿಂಗ್ ಹಾಕದಿದ್ದರೆ ಲೈಟ್ ಬೇಗನೆ ಮತ್ತೆ ಮಂಕಾಗುತ್ತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೂ ಇದೇ ಕಥೆ. ಸ್ವಲ್ಪ ದಿನ ಹೊಳೆಯುತ್ತೆ, ಅಷ್ಟೇ. ಇನ್ನು ಸೊಳ್ಳೆ ಕಡಿಯದಂತೆ ಮೈಗೆ ಹಾಕಿಕೊಳ್ಳೋ ಸ್ಪ್ರೇ ಹೊಡೆದು ಒರೆಸೋ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಅದರಲ್ಲಿರೋ ಡೀಟ್ ಅನ್ನೋ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಲೈಟಿನ ಮೇಲೆ ನೀರು ಹಾಕಿ ನೋಡಿ. ಒದ್ದೆ ಇರುವಷ್ಟು ಹೊತ್ತು ಸ್ವಚ್ಛವಾಗಿ ಕಂಡರೆ ತೊಂದರೆ ಹೊರಗಡೆ ಇದೆ, ಕಿಟ್ ಕೆಲಸ ಮಾಡುತ್ತೆ. ಒಳಗೆ ಹನಿ ನಿಂತಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಅದು ಸೀಲ್ ಅಥವಾ ಗಾಳಿ ಕಿಂಡಿಯ ತೊಂದರೆ. ಮಳೆ ಬಂದಾಗ ತೆಳುವಾಗಿ ಮಂಜು ಕಟ್ಟಿ, ಲೈಟ್ ಹಾಕಿದ ಮೇಲೆ ತಾನಾಗೇ ಹೋದರೆ ಚಿಂತೆ ಬೇಡ.

ಕೆಲಸ ಕಷ್ಟವಲ್ಲ, ತಾಳ್ಮೆ ಬೇಕು. ಮೊದಲು ಸೋಪು ನೀರಲ್ಲಿ ತೊಳೆದು, ಸುತ್ತಲಿನ ಪೇಂಟ್‌ಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. 800ರ ಪೇಪರ್ ನೀರಲ್ಲಿ ನೆನೆಸಿ ಅಡ್ಡಡ್ಡ ಉಜ್ಜಿದಾಗ ಮೊದಲು ಹಳದಿ ಬಣ್ಣದ ರಾಡಿ ಇಳಿಯುತ್ತೆ. ಅದು ಬೆಳ್ಳಗಾಗುವವರೆಗೂ ನಿಲ್ಲಿಸಬೇಡಿ. ಆಮೇಲೆ ಒರೆಸಿ, ಒಣಗಿಸಿ ನೋಡಿದರೆ ಹಳೆಯ ಪದರ ಎಲ್ಲಿ ಉಳಿದಿದೆ ಅಂತ ಗೊತ್ತಾಗುತ್ತೆ, ಮೂಲೆಗಳಲ್ಲಿ ಹೊಳೆಯುವ ತೇಪೆಗಳ ಹಾಗೆ ಕಾಣುತ್ತೆ. ಅಲ್ಲಿ ಇನ್ನಷ್ಟು ಉಜ್ಜಬೇಕು. ಈ ಹಂತದಲ್ಲಿ ಲೈಟ್ ಮೊದಲಿಗಿಂತ ಕೆಟ್ಟದಾಗಿ, ಪೂರ್ತಿ ಬೆಳ್ಳಗೆ ಕಾಣುತ್ತೆ. ಗಾಬರಿ ಬೇಡ, ಹಾಗೇ ಆಗಬೇಕು. 1500ರಲ್ಲಿ ಉದ್ದುದ್ದ, 3000ರಲ್ಲಿ ಮತ್ತೆ ಅಡ್ಡಡ್ಡ ಉಜ್ಜಿ. ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೀರು ಹೋಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ.

ಪಾಲಿಶ್ ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಕೋಟಿಂಗ್ ಹಾಕುವಾಗ ಮಾತ್ರ ನೆರಳಲ್ಲಿ, ಧೂಳಿಲ್ಲದ ಕಡೆ ಗಾಡಿ ನಿಲ್ಲಿಸಿಕೊಳ್ಳಿ. ಪಾಲಿಶ್‌ನ ಜಿಡ್ಡು ಪೂರ್ತಿ ಒರೆಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತದಲ್ಲಿ ಹಚ್ಚಿ. ಎಳೆದ ಜಾಗಕ್ಕೆ ಮತ್ತೆ ಕೈ ಹಾಕಿದರೆ ಗೆರೆ ಬೀಳುತ್ತೆ. ಒಣಗುವ ತನಕ ನೀರು ತಾಗಬಾರದು.

ಕಿಟ್ ಮಾಡಿದವರ ಮೇಲೆ ನನಗೆ ಸಿಟ್ಟಿರೋದು ಎರಡು ವಿಷಯಕ್ಕೆ. ಎರಡು ಲೈಟಿಗೆ ಸಾಕು ಅಂತ ಡಬ್ಬದ ಮೇಲೆ ಬರೆದಿದ್ದಾರೆ, ಆದರೆ 800ರ ಪೇಪರ್ ಒಂದು ಲೈಟ್ ಮುಗಿಯೋ ಹೊತ್ತಿಗೆ ನುಣ್ಣಗಾಗಿತ್ತು, ಇನ್ನೊಂದಕ್ಕೆ ಹೊರಗಿಂದ ತರಬೇಕಾಯಿತು. ಮತ್ತೆ, ಕೋಟಿಂಗ್ ಎಷ್ಟು ಹೊತ್ತು ಒಣಗಬೇಕು ಅನ್ನೋದನ್ನೇ ಚೀಟಿಯಲ್ಲಿ ಬರೆದಿಲ್ಲ! ಎಲ್ಲಕ್ಕಿಂತ ಮುಖ್ಯವಾದದ್ದೇ ಅದು.

ಫಲಿತಾಂಶ ಮಾತ್ರ ನಿಜಕ್ಕೂ ಖುಷಿ ಕೊಟ್ಟಿದೆ. ಮೊದಲು ಬೆಳಕು ಎಲ್ಲೆಡೆ ಚೆದುರಿ ಎದುರಿಂದ ಬರುವವರ ಕಣ್ಣಿಗೆ ಹೊಡೆಯುತ್ತಿತ್ತು, ಈಗ ರಸ್ತೆ ಮೇಲೆ ಬೀಳುತ್ತಿದೆ. ಆದರೂ ಹೊಸದರಷ್ಟು ಅಲ್ಲ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2018ರಲ್ಲಿ ಪರೀಕ್ಷೆ ಮಾಡಿದಾಗ, ಹೀಗೆ ಉಜ್ಜಿ ಸರಿಪಡಿಸಿದ ಲೈಟ್‌ಗಳಲ್ಲಿ ಹೊಸದಿದ್ದಾಗಿನ ಬೆಳಕಿನ ಸುಮಾರು ಶೇ. 70ರಷ್ಟು ವಾಪಸ್ ಬಂದಿತ್ತು. ಕಂಪನಿಯದೇ ಹೊಸ ಲೈಟ್ ಹಾಕಿದರೆ ಶೇ. 100, ಬೇರೆಯವರು ಮಾಡಿದ್ದಾದರೆ ಶೇ. 83ರಿಂದ 90.

ಹಾಗಾಗಿ ರಾತ್ರಿ ಹೈವೇ ಓಡಾಟ ಜಾಸ್ತಿ ಇರುವವರು, ಲೆನ್ಸ್ ಬಿರುಕು ಬಿಟ್ಟಿರುವವರು ಸುಮ್ನೆ ಕಿಟ್‌ಗೆ ದುಡ್ಡು ಹಾಕಬೇಡಿ, ಲೈಟೇ ಬದಲಾಯಿಸಿ. ಆಗುವುದಾದರೆ ಎರಡನ್ನೂ ಒಟ್ಟಿಗೆ ಹಾಕಿಸಿ, ಲೈಟಿನ ಅಲೈನ್‌ಮೆಂಟ್ (ಬೆಳಕು ಬೀಳುವ ದಿಕ್ಕು) ಸರಿ ಮಾಡಿಸಿಯೇ ಗಾಡಿ ಹೊರಗೆ ತನ್ನಿ. ಮಂಕಾದ ಲೆನ್ಸ್ ಹಾಗೇ ಇಟ್ಟುಕೊಂಡು ಜಾಸ್ತಿ ವ್ಯಾಟಿನ ಬಲ್ಬ್ ಹಾಕೋದಂತೂ ಬೇಡವೇ ಬೇಡ, ಚೆದುರುವ ಬೆಳಕು ಹೆಚ್ಚುತ್ತೆ, ಜೊತೆಗೆ ಒಳಗೆ ಬಿಸಿಯೂ ಏರುತ್ತೆ.