ಎಸಿ ಸ್ಪಾ, ಆಯುರ್ವೇದ ಕ್ಲಿನಿಕ್, ಮನೆಗೆ ಬರುವ ಅಕ್ಕ: ಮಂಗಳೂರಿನಲ್ಲಿ ಕುತ್ತಿಗೆ ನೋವಿಗೆ ಎಲ್ಲಿಗೆ ಹೋಗಬೇಕು?

ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಮೈಕೈ ನೋವಿಗೆ ಮಸಾಜ್ ಮಾಡಿಸುವುದಾದರೆ ನನ್ನ ಓಟು ಡಾಕ್ಟರ್ ಇರುವ ಸಣ್ಣ ಆಯುರ್ವೇದ ಕ್ಲಿನಿಕ್‌ಗೆ. ಪೇಟೆಯ ಎಸಿ ಸ್ಪಾದಲ್ಲಿ ದುಡ್ಡು ಕಟ್ಟಿ, ಅದನ್ನು ವಾಪಸ್ ಪಡೆಯಲು ಒದ್ದಾಡಿದ ಮೇಲೆ ಈ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ. ಸ್ಪಾಗೆ ಹೋಗಬೇಕೆಂದು ಯೋಚನೆ ಮಾಡುತ್ತಿರುವವರು ಇದನ್ನು ಓದಿ ಆಮೇಲೆ ತೀರ್ಮಾನ ಮಾಡಿ.

ನನ್ನದು ಹಂಪನಕಟ್ಟೆಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಗ್ಗಿನಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತು, ಆಮೇಲೆ ಸ್ಕೂಟರಿನಲ್ಲಿ ಕುಲಶೇಖರದ ಕಡೆ ಮನೆಗೆ. ಬಲ ಹೆಗಲಿನ ಮೂಳೆಯ ಪಕ್ಕದಲ್ಲಿ ಒಂದು ಗಂಟು ಕಟ್ಟಿಕೊಂಡಿತ್ತು. ಕುತ್ತಿಗೆ ತಿರುಗಿಸಿದರೆ ಅಲ್ಲಿಂದ ಕಿವಿಯ ಹಿಂದಿನವರೆಗೆ ಎಳೆಯುತ್ತಿತ್ತು. ತಿಂಗಳಿಗೆ ಇದಕ್ಕೆಂದು ಸಾವಿರ, ಸಾವಿರದ ಐನೂರಕ್ಕಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಆರಾಮಕ್ಕೆ, ಖುಷಿಗೆ ಸ್ಪಾಗೆ ಹೋಗುವವರ ಲೆಕ್ಕ ಬೇರೆ ಇರಬಹುದು.

ಸ್ಪಾದಲ್ಲಿ ಮಸಾಜ್ ಮಾಡಿದ ಹುಡುಗಿಯ ಕೈ ಚೆನ್ನಾಗಿತ್ತು. ಇದನ್ನು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಗಂಟು ಎಲ್ಲಿದೆ ಎಂದು ನಾನು ಹೇಳುವ ಮೊದಲೇ ಅವಳ ಹೆಬ್ಬೆರಳು ಅಲ್ಲಿಗೆ ಹೋಗಿ ನಿಂತಿತ್ತು. ತೊಂದರೆ ಇದ್ದದ್ದೆಲ್ಲ ಅವಳ ಕೈಗಿಂತ ಹೊರಗೆ, ಕೌಂಟರಿನಲ್ಲಿ.

ಒಳಗೆ ಹೋದ ಕೂಡಲೇ ಒಂದು ಫಾರ್ಮ್ ಕೊಟ್ಟರು. ಮೊಬೈಲ್ ನಂಬರ್, ಹುಟ್ಟಿದ ದಿನ, ಮದುವೆಯಾದ ದಿನ, ಎಲ್ಲಿ ಕೆಲಸ, ಎಲ್ಲದಕ್ಕೂ ಜಾಗ ಇತ್ತು. ಬಿಪಿ ಇದೆಯಾ, ಶುಗರ್ ಇದೆಯಾ, ಯಾವುದಾದರೂ ಆಪರೇಷನ್ ಆಗಿದೆಯಾ, ಬಸುರಿಯಾ, ಕಾಲಿನ ನರ ಉಬ್ಬಿದೆಯಾ ಎಂದು ಕೇಳುವ ಒಂದು ಸಾಲೂ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಲ್ಲಿ ಜೋರಾಗಿ ತಿಕ್ಕುವುದೇ ಅಪಾಯ. ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಕೇಳದೆ ಹೇಗೆ ಗೊತ್ತಾಗುತ್ತದೆ?

ಬೋರ್ಡಿನಲ್ಲಿ 60 ನಿಮಿಷ ಅಂತ ಇತ್ತು. ಕಾಲು ತೊಳೆಯುವುದು, ಬಟ್ಟೆ ಬದಲಾಯಿಸುವುದು, ಕೊನೆಯಲ್ಲಿ ಶವರ್, ಎಲ್ಲ ಅದರೊಳಗೇ. ಮೈಮೇಲೆ ಕೈ ಇದ್ದದ್ದು ಮುಕ್ಕಾಲು ಗಂಟೆಯೂ ಇಲ್ಲ. ಎಸಿ ಬೇರೆ. ಎಣ್ಣೆ ಹಚ್ಚಿದ ಬೆನ್ನಿಗೆ ತಣ್ಣನೆ ಗಾಳಿ ಬಡಿದರೆ ಸಡಿಲ ಆಗಬೇಕಾದ ಹೆಗಲು ತಾನಾಗಿಯೇ ಕಿವಿಯ ಕಡೆ ಏರುತ್ತದೆ. ಕಮ್ಮಿ ಮಾಡಿ ಎಂದರೆ ಅದು ಇಡೀ ಮಹಡಿಗೆ ಒಂದೇ ಎಸಿ, ಇಲ್ಲಿಂದ ಆಗುವುದಿಲ್ಲ ಎಂಬ ಉತ್ತರ.

ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲು ಆಗದ್ದು ಪ್ಯಾಕೇಜು.

ಹೆಗಲು ಒತ್ತುತ್ತಿರುವಾಗಲೇ ಆ ಹುಡುಗಿ ಮೆಲ್ಲಗೆ ಹೇಳಿದಳು, "ಮೇಡಂ, ಹೊರಗೆ ಪ್ಯಾಕೇಜ್ ಕೇಳ್ತಾರೆ. ತಗೊಳ್ಳುವುದಾದರೆ ನನ್ನ ಹೆಸರು ಹೇಳಿ ಮೇಡಂ." ಅವಳ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಮಸಾಜ್ ಮಾಡುವವಳ ತಲೆ ಮೇಲೆ ಮಾರಾಟದ ಭಾರವನ್ನೂ ಹೊರಿಸಿದರೆ ಅವಳಾದರೂ ಏನು ಮಾಡಬೇಕು? ಆದರೆ ನಾನು ಮಲಗಿರುವ ಮೇಜಿನವರೆಗೂ ವ್ಯಾಪಾರ ಬಂತಲ್ಲ, ಅದು ತಪ್ಪು.

ಹೊರಗೆ ಬಂದರೆ ಶುಂಠಿ ಚಹಾ, ಅದರ ಜೊತೆಗೆ ಮ್ಯಾನೇಜರ್, ಅವರ ಕೈಯಲ್ಲಿ ಕ್ಯಾಲ್ಕುಲೇಟರ್. ಒಂದು ಸಿಟ್ಟಿಂಗಿಗೆ 2,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದೇ 15,000 ಒಟ್ಟಿಗೆ ಕಟ್ಟಿದರೆ ಖಾತೆಯಲ್ಲಿ 20,000 ಜಮಾ. "ಆರು ತಿಂಗಳು ಯಾವಾಗ ಬೇಕಾದರೂ ಬನ್ನಿ, ಮನೆಯವರೂ ಬರಬಹುದು" ಎಂದು ಬಾಯಿಮಾತಿನಲ್ಲಿ ಹೇಳಿದರು. ನನಗೂ ನಾದಿನಿಗೂ ಸೇರಿ ಆಗುತ್ತದಲ್ವಾ ಎಂದು ಕಟ್ಟಿದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಶನಿವಾರಕ್ಕೆ ಫೋನ್ ಮಾಡಿದರೆ, ಪ್ಯಾಕೇಜಿನವರಿಗೆ ಶನಿವಾರ, ಭಾನುವಾರ ಇಲ್ಲ. ಉಳಿದ ದಿನಗಳಲ್ಲಿ ಬೆಳಗ್ಗೆ 11ರಿಂದ ಸಂಜೆ 4. ಆಫೀಸಿಗೆ ಹೋಗುವವರಿಗೆ 11ರಿಂದ 4 ಎಂದರೆ ಬರಬೇಡಿ ಎಂದು ಹೇಳಿದ ಹಾಗೆಯೇ. ನಾದಿನಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋದರೆ, ಖಾತೆ ನನ್ನ ನಂಬರಿನಲ್ಲಿದೆ, ಬೇರೆಯವರಿಗೆ ಕೊಡಲು ಆಗುವುದಿಲ್ಲ ಎಂದು ವಾಪಸ್ ಕಳಿಸಿದರು. ಬಾಗಿಲಿನವರೆಗೆ ಹೋದ ಹೆಂಗಸನ್ನು ಹಾಗೇ ಕಳಿಸಿದ್ದು ನನಗೆ ದುಡ್ಡಿಗಿಂತ ಜಾಸ್ತಿ ನೋವಾಯಿತು. ರಜೆ ಹಾಕಿ ನಾನೇ ಹೋದ ದಿನ ಆ ಹುಡುಗಿ ಕೆಲಸ ಬಿಟ್ಟಿದ್ದಳು. ಹೊಸಬಳಿಗೆ ಕೈ ಇನ್ನೂ ಕೂಡಿರಲಿಲ್ಲ. ನೋವಿರುವ ಜಾಗ ತೋರಿಸಿದರೂ ಬೆನ್ನಿನ ಮೇಲೆ ಸುಮ್ನೆ ಎಣ್ಣೆ ಸವರಿದ ಹಾಗಿತ್ತು. ಬಿಲ್ಲು ನೋಡಿದರೆ ಜಿಎಸ್‌ಟಿಯನ್ನೂ ಅದೇ ಜಮಾದಿಂದ ಕಳೆದಿದ್ದರು.

ಉಳಿದ ದುಡ್ಡು ಕೊಡಿ ಎಂದೆ. ರಸೀದಿಯ ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿದ್ದ 'ನಾನ್ ರಿಫಂಡಬಲ್' ತೋರಿಸಿದರು. ನಮಗೆ ಮಾರಿದ ಮ್ಯಾನೇಜರ್ ಆಗ ಅಲ್ಲಿ ಇರಲಿಲ್ಲ. ಹೊಸ ಮ್ಯಾನೇಜರ್‌ಗೆ ಬಾಯಿಮಾತಿನ ವಿಷಯ ಏನೂ ಗೊತ್ತಿಲ್ಲ. ಬೇಕಾದರೆ ಅವಧಿ ಮೂರು ತಿಂಗಳು ಮುಂದೆ ಹಾಕುತ್ತೇವೆ ಎಂದರು. ಹೋಗಲು ಆಗದ ಸಮಯವನ್ನು ಇನ್ನಷ್ಟು ಕೊಟ್ಟು ಏನು ಪ್ರಯೋಜನ?

ಇಲ್ಲಿ ನನಗೆ ಕೆಲಸಕ್ಕೆ ಬಂದದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ರಸೀದಿಯ ಮೇಲೆ ವಾಪಸ್ ಇಲ್ಲ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ. ಸೇವೆಯಲ್ಲಿ ಕೊರತೆ ಇದ್ದರೂ ದುಡ್ಡು ಹಿಂದಿರುಗಿಸಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಇದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನದೊಳಗೆ ಕೊಡಬೇಕು. ನಾನು ಮೊದಲು ಸ್ಪಾಗೆ ಬರವಣಿಗೆಯಲ್ಲೇ ದೂರು ಕಳಿಸಿದೆ. ಶನಿವಾರ ಬರಬೇಡಿ ಎಂದು ಅವರು ಕಳಿಸಿದ್ದ ವಾಟ್ಸ್ಆ್ಯಪ್ ಮೆಸೇಜುಗಳನ್ನು ಅದಕ್ಕೆ ಸೇರಿಸಿದೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಅಲ್ಲಿಂದ ಸ್ಪಾದವರ ಮಾತಿನ ಧಾಟಿ ಬದಲಾಯಿತು. ಬಳಸಿದ ಸಿಟ್ಟಿಂಗುಗಳಿಗೆ ಪೂರ್ತಿ ದರ ಹಾಕಿ ಕಳೆದು ಉಳಿದದ್ದನ್ನು ಬ್ಯಾಂಕಿಗೆ ಹಾಕಿದರು. ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇತ್ತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಹಾಗಾಗಿ ಬಾಯಿಮಾತಿನಲ್ಲಿ ಜಗಳ ಮಾಡಿ ಗಂಟಲು ಒಣಗಿಸಿಕೊಳ್ಳಬೇಡಿ, ಎಲ್ಲವನ್ನೂ ಬರೆದು ಕೇಳಿ.

ಈಗ ಕ್ಲಿನಿಕ್. ಕದ್ರಿಯ ಹತ್ತಿರ ಒಂದು ಹಳೆ ಹೆಂಚಿನ ಮನೆಯಲ್ಲಿ ಇದೆ. ಬಿಎಎಂಎಸ್ (ಆಯುರ್ವೇದ ವೈದ್ಯ ಪದವಿ) ಮಾಡಿದ ಡಾಕ್ಟರ್. ಗೋಡೆಯ ಮೇಲೆ ಅವರ ನೋಂದಣಿ, ಪಕ್ಕದಲ್ಲೇ ಕ್ಲಿನಿಕ್‌ನ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ. ಎಲ್ಲಿಗೇ ಹೋಗಿ, ಈ ಎರಡನ್ನು ನೋಡಿ ಒಳಗೆ ಕಾಲಿಡಿ. 'ಆಯುರ್ವೇದಿಕ್' ಎಂದು ಬೋರ್ಡ್ ಹಾಕಿಕೊಂಡವರೆಲ್ಲ ಡಾಕ್ಟರ್ ಇಟ್ಟುಕೊಂಡಿರುವುದಿಲ್ಲ.

ಇಲ್ಲಿ ಮೊದಲ ದಿನ ಮೈಗೆ ಎಣ್ಣೆ ತಾಗುವ ಮುಂಚೆ ಎಷ್ಟೋ ಹೊತ್ತು ಬರೀ ಮಾತು. ಬಿಪಿ ನೋಡಿದರು. ನಿದ್ದೆ ಹೇಗೆ, ಹೊಟ್ಟೆ ಹೇಗೆ, ಕೈಬೆರಳು ಜೋಮು ಹಿಡಿಯುತ್ತದಾ, ಸ್ಕೂಟರ್ ಎಷ್ಟು ದೂರ ಓಡಿಸುತ್ತೀರಿ. ಊಟ ಆಗಿ ಎಷ್ಟು ಹೊತ್ತಾಯಿತು ಎಂದು ಕೇಳಿ, ಈಗಷ್ಟೇ ಆಯಿತು ಎಂದಾಗ ಅವತ್ತು ಮಸಾಜೇ ಮಾಡಲಿಲ್ಲ. ಅಜೀರ್ಣ ಇರುವಾಗ, ಜ್ವರ ಇರುವಾಗ, ತುಂಬಿದ ಹೊಟ್ಟೆಯಲ್ಲಿ ಅಭ್ಯಂಗ ಬೇಡ ಎಂದು ಕಳಿಸಿದರು. ಕೈಗೆ ಬಂದ ದುಡ್ಡನ್ನು ಬಿಟ್ಟು ನಾಳೆ ಬನ್ನಿ ಎನ್ನುವವರನ್ನು ನಾನು ನಂಬುತ್ತೇನೆ.

ಮಲಗುವುದು ಮರದ ದ್ರೋಣಿಯ ಮೇಲೆ. ಸುತ್ತ ಅಂಚಿನಲ್ಲಿ ಎಣ್ಣೆ ಹರಿಯಲು ಕಾಲುವೆ, ಕಾಲಿನ ತುದಿಯಲ್ಲಿ ಒಂದು ತೂತು, ಅದರ ಕೆಳಗೆ ಪಾತ್ರೆ. ಬೆನ್ನಿಗೆ ಗಟ್ಟಿ ಒತ್ತುತ್ತದೆ, ಸ್ಪಾದ ಮೆತ್ತನೆ ಹಾಸಿಗೆಯ ಸುಖ ಇಲ್ಲ. ಎಣ್ಣೆಯನ್ನು ನೇರವಾಗಿ ಒಲೆ ಮೇಲೆ ಇಡುವುದಿಲ್ಲ. ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಸಣ್ಣ ಬಟ್ಟಲು ಇಟ್ಟು ಕಾಯಿಸುತ್ತಾರೆ. ಹಚ್ಚುವ ಮುಂಚೆ ಅಲ್ಲಿ ಮಸಾಜ್ ಮಾಡುವ ಅಕ್ಕ ಒಂದು ಹನಿ ತನ್ನ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡುತ್ತಾರೆ. ಆಮೇಲೆ ಇಬ್ಬರು, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ದೊಡ್ಡವರ ಕೈ ಎಲ್ಲಿಂದ ಹೊರಡುತ್ತದೋ ಸಣ್ಣವರ ಕೈಯೂ ಅಲ್ಲಿಂದಲೇ, ಒಂದೇ ಭಾರ, ಒಂದೇ ವೇಗ. "ಓಲು ಬೇನೆ ಅಕ್ಕ?" ಎಂದು ತುಳುವಿನಲ್ಲಿ ಒಮ್ಮೆ ಕೇಳಿದರು, ಜಾಗ ತೋರಿಸಿದೆ. ಅಲ್ಲಿಂದ ಮುಂದೆ ಮಾತಿಲ್ಲ. ನನಗೆ ಹಚ್ಚುವುದು ಧಾನ್ವಂತರ ತೈಲ, ಎಳ್ಳೆಣ್ಣೆಯಲ್ಲಿ ಮಾಡಿದ್ದು. ಆಮೇಲೆ ಕತ್ತು ಹೊರಗಿಟ್ಟು ಕೂರುವ ಪೆಟ್ಟಿಗೆಯಲ್ಲಿ ಹಬೆ, ಹೆಸರು ಹಿಟ್ಟು ಹಾಕಿ ಬಿಸಿನೀರ ಸ್ನಾನ.

ಗಂಟು ಒಂದೇ ದಿನಕ್ಕೆ ಹೋಗಲಿಲ್ಲ. ಡಾಕ್ಟರ್ ಅದನ್ನು ಮೊದಲೇ ಹೇಳಿದ್ದರು. ಏಳು ದಿನ ಬಿಡದೆ ಬಂದರೆ ಗೊತ್ತಾಗುತ್ತದೆ ಎಂದರು, ಹಾಗೇ ಆಯಿತು. ಕಂಪ್ಯೂಟರಿನ ಎತ್ತರ ಬದಲಾಯಿಸಲೂ ಹೇಳಿದರು. ಅದರಿಂದ ಆದ ಉಪಕಾರ ಎಣ್ಣೆಯಿಂದ ಆದದ್ದಕ್ಕಿಂತ ಕಮ್ಮಿ ಏನಲ್ಲ.

ದುಡ್ಡಿನ ಮಾತು. ಕ್ಲಿನಿಕ್‌ನಲ್ಲಿ ಅಭ್ಯಂಗ, ಹಬೆ ಸೇರಿ 900 ರೂಪಾಯಿ. ಅವತ್ತಿನದು ಅವತ್ತೇ ಕೊಟ್ಟು ಬರುವುದು. ಬರೀ ಕುತ್ತಿಗೆ, ಹೆಗಲು ಸಾಕೆಂದರೆ ಅದರ ಅರ್ಧ. ನೋಂದಾಯಿತ ಡಾಕ್ಟರ್ ಕೊಡುವ ಚಿಕಿತ್ಸೆ ಆದ್ದರಿಂದ ಜಿಎಸ್‌ಟಿ ಇಲ್ಲ. ಸ್ಪಾಗಳಿಗೆ ನಾನು ಕಟ್ಟುವಾಗ 18% ಇತ್ತು, 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಈಗಲೂ ಹೋಗುವವರು ಬಿಲ್ಲಿನಲ್ಲಿ ಆ ಸಾಲನ್ನು ಓದಿ ನೋಡಿ.

ಕ್ಲಿನಿಕ್‌ನಲ್ಲಿ ಸರಿ ಇಲ್ಲದ್ದೂ ಉಂಟು. ಸಂಜೆ ಆರರ ನಂತರ ಇಲ್ಲ. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಫ್ಯಾನ್ ಹಾಕುವುದಿಲ್ಲ, ಏಪ್ರಿಲ್‌ನಲ್ಲಿ ಬೆವರು ಹರಿಯುತ್ತದೆ. ತೈಲದ ವಾಸನೆ ಮರುದಿನವೂ ಕೂದಲಿನಲ್ಲಿ ಇರುತ್ತದೆ, ಆಫೀಸಿನಲ್ಲಿ ಪಕ್ಕದವರು ಕೇಳುತ್ತಾರೆ. ಸ್ಕೂಟರ್ ನಿಲ್ಲಿಸಲು ಜಾಗ ಕಷ್ಟ.

ಮನೆಗೆ ಬರುವ ಅಕ್ಕನ ಬಗ್ಗೆ ಹೇಳದೆ ಇರಲಾರೆ. ನಮ್ಮ ಕಡೆ ಬಾಣಂತಿಗೆ, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುವ ಹೆಂಗಸರಿದ್ದಾರಲ್ಲ, ಅವರಲ್ಲೊಬ್ಬರು. ನಾದಿನಿಯ ಬಾಣಂತನಕ್ಕೆ ಬಂದಿದ್ದರು, ನನ್ನ ಹೆಗಲನ್ನೂ ನೋಡಿದರು. ತೆಂಗಿನೆಣ್ಣೆ, ಹಂಡೆಯ ಕುದಿನೀರು, ಕೈಯಲ್ಲಿ ಬಲ. ಬಾಣಂತಿಗೆ ಇವರ ಸಮ ಯಾವ ಸ್ಪಾನೂ ಇಲ್ಲ, ಕ್ಲಿನಿಕ್ಕೂ ಇಲ್ಲ. ಆದರೆ ಕುತ್ತಿಗೆ ನೋವಿಗೆ ನಾನು ಅವರನ್ನು ಕರೆಯುವುದಿಲ್ಲ. ಕುತ್ತಿಗೆಯನ್ನು ಟಕ್ಕೆಂದು ತಿರುಗಿಸಿ ಲಟಿಕೆ ತೆಗೆಯುವ ಅಭ್ಯಾಸ ಅವರಿಗೆ ಇದೆ. ಕುತ್ತಿಗೆಯ ಮೂಳೆ ಸವೆದಿದ್ದರೆ ಅದು ಒಳ್ಳೆಯದಲ್ಲ. ಇನ್ನೊಂದು, ಅವರು ಸಿಗುವುದು ಯಾರ ಮನೆಯಲ್ಲೂ ಹೆರಿಗೆ ಇಲ್ಲದಿದ್ದಾಗ ಮಾತ್ರ.

ಪಾರ್ಲರಿನ ಹೆಡ್ ಮಸಾಜ್: ತಲೆಗೆ ಚಂದ, ಹೆಗಲಿಗೆ ಏನೂ ಇಲ್ಲ.

ಉಡುಪಿ ಕಡೆಯವರು ಮಂಗಳೂರಿಗೆ ಬರುವ ಅಗತ್ಯವೇ ಇಲ್ಲ. 1958ರಲ್ಲಿ ಶುರುವಾದ ಆಯುರ್ವೇದ ಕಾಲೇಜು ಅಲ್ಲೇ ಉಂಟು, ಕುತ್ಪಾಡಿಯಲ್ಲಿ ಅದರ ಆಸ್ಪತ್ರೆಯೂ ಇದೆ.

ನೋವೇ ಇಲ್ಲ, ಗೆಳತಿಯ ಜೊತೆ ಒಂದು ಮಧ್ಯಾಹ್ನ ಹಾಯಾಗಿ ಕಳೆಯಬೇಕು, ವಾರದ ನಡುವೆ ಬಿಡುವೂ ಇದೆ ಎನ್ನುವವರು ಸ್ಪಾಗೆ ಹೋಗಿ ಬನ್ನಿ. ಆದರೆ ಒಂದು ಸಲದ ದುಡ್ಡು ಮಾತ್ರ ಕೊಡಿ. ಪ್ಯಾಕೇಜ್ ಎಂದ ಕೂಡಲೇ ಎದ್ದು ಬನ್ನಿ, ಅಥವಾ ಶನಿವಾರ ಬರಬಹುದು, ಮನೆಯವರು ಬರಬಹುದು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ನನ್ನ ಹಾಗೆ ದುಡಿದು ದಣಿದ ಹೆಗಲಿಗೆ ಔಷಧ ಬೇಕೆನ್ನುವವರು ಕ್ಲಿನಿಕ್‌ಗೇ ಹೋಗಿ. ನಾನು ಈಗ ತಿಂಗಳಿಗೊಮ್ಮೆ ಶನಿವಾರ ಬೆಳಗ್ಗೆ ಹೋಗುತ್ತೇನೆ, ಬೆಳಗ್ಗಿನ ತಿಂಡಿಗೆ ಮುಂಚೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು) ಹೋಗುವವರು ಮಾತ್ರ ಬಹಳ ಮುಂಚೆಯೇ ಫೋನ್ ಮಾಡಿ. ಮಳೆಗಾಲದ ಎಣ್ಣೆ ಚಿಕಿತ್ಸೆಗೆಂದು ಆಗ ಕಾಸರಗೋಡಿನ ಕಡೆಯಿಂದಲೂ ಜನ ಬರುತ್ತಾರೆ, ದ್ರೋಣಿ ಇರುವುದು ಒಂದೇ. ಜೊತೆಗೆ ಒಂದು ಹಳೆ ನೈಟಿ, ಹಳೆ ಬೈರಾಸು (ಟವೆಲ್) ತಗೊಂಡು ಹೋಗಿ. ತೈಲದ ಕಲೆ ಎಷ್ಟು ತೊಳೆದರೂ ಹೋಗುವುದಿಲ್ಲ.