ತುಂಬದೆ ಸುಮ್ಮನೆ ಕುಳಿತಾಗ: ಪಾಸ್‌ವರ್ಡ್ ಎಕ್ಸ್‌ಟೆನ್ಷನ್ ಜೊತೆ ಆರು ವರ್ಷ

ಆರು ವರ್ಷ, ಎರಡು ಲ್ಯಾಪ್‌ಟಾಪ್, ಮೂರು ಮೊಬೈಲ್. ಸದ್ಯ ತಿಜೋರಿಯಲ್ಲಿ 312 ಖಾತೆಗಳಿವೆ. ನಾನು ಬಳಸುತ್ತಿರುವುದು ವರ್ಷಕ್ಕೊಮ್ಮೆ ಹಣ ಕಟ್ಟುವ ಒಂದು ಪಾಸ್‌ವರ್ಡ್ ಮ್ಯಾನೇಜರ್‌ನ ಬ್ರೌಸರ್ ಎಕ್ಸ್‌ಟೆನ್ಷನ್: ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿದ ಒಂದು ತಿಜೋರಿಯಲ್ಲಿಟ್ಟು, ಲಾಗಿನ್ ಪುಟ ಬಂದಾಗ ಬ್ರೌಸರ್‌ನೊಳಗೇ ತುಂಬಿಕೊಡುವ ಪುಟ್ಟ ಪ್ರೋಗ್ರಾಂ. ಹೆಸರು ಬರೆಯುತ್ತಿಲ್ಲ. ಬರೆದರೆ ಅದಕ್ಕಿಂತ ಇದು ಮೇಲು ಎಂಬ ಜಗಳ ಶುರುವಾಗುತ್ತದೆ. ಅಲ್ಲದೆ ನನ್ನ ತಕರಾರುಗಳಲ್ಲಿ ಹೆಚ್ಚಿನವು ಒಂದು ಕಂಪನಿಯವಲ್ಲ, ಈ ಕುಲದವು. ಅವುಗಳಲ್ಲಿ ದೊಡ್ಡದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವೊಮ್ಮೆ ಲಾಗಿನ್ ಪುಟದ ಎದುರು ಇದು ಏನನ್ನೂ ತುಂಬದೆ ಸುಮ್ಮನೆ ಕುಳಿತುಬಿಡುತ್ತದೆ. ಹಾಗೆ ಕುಳಿತಾಗ ಒಂದೋ ಅದು ಕೈಕೊಟ್ಟಿದೆ, ಇಲ್ಲವೇ ನಾನು ಕಾಲಿಡಬಾರದ ಜಾಗದಲ್ಲಿ ಕಾಲಿಟ್ಟಿದ್ದೇನೆ. ಎರಡರಲ್ಲಿ ಯಾವುದು ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಇದಕ್ಕೆ ಮೊದಲು ನನ್ನ ಬಳಿ ಇದ್ದದ್ದು ಒಂದೇ ಪಾಸ್‌ವರ್ಡ್. ಒಂದು ಕಡೆ ಕೊನೆಗೆ 1, ಇನ್ನೊಂದು ಕಡೆ 123, ಹಟ ಮಾಡುವ ತಾಣಗಳಿಗೆ ಮೊದಲ ಅಕ್ಷರ ದೊಡ್ಡದು ಮತ್ತು ತುದಿಗೊಂದು ಉದ್ಗಾರ ಚಿಹ್ನೆ. ಅಳಿಯ ಅಲ್ಲ, ಮಗಳ ಗಂಡ. ಸೋರಿಕೆಯಾದ ಖಾತೆಗಳಲ್ಲಿ ನಮ್ಮದೂ ಇದೆಯೇ ಎಂದು ಹೇಳುವ, ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಒಂದು ಸಂಜೆ ನನ್ನ ಇಮೇಲ್ ವಿಳಾಸ ಹಾಕಿ ನೋಡಿದೆ. ನಾಲ್ಕು ಸೋರಿಕೆಗಳಲ್ಲಿ ಅದು ಕಾಣಿಸಿತು. ಕದ್ದ ಇಮೇಲ್ ಮತ್ತು ಪಾಸ್‌ವರ್ಡ್‌ನ ಜೋಡಿಯನ್ನು ನೂರಾರು ತಾಣಗಳಲ್ಲಿ ಹಾಕಿ ನೋಡುವ ಕೆಲಸವನ್ನು ಪ್ರೋಗ್ರಾಂಗಳು ಮಾಡುತ್ತವೆ, ಅವುಗಳಿಗೆ 1 ಇದ್ದಲ್ಲಿ 123 ಹಾಕಿ ನೋಡಲು ಬೇಸರವಿಲ್ಲ. ಮರುದಿನವೇ ಎಕ್ಸ್‌ಟೆನ್ಷನ್ ಹಾಕಿಕೊಂಡೆ.

ಹಾಕಿಕೊಂಡ ದಿನವೇ ನನ್ನ ಮೊದಲ ಮೂರ್ಖತನವೂ ಆಯಿತು. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಸಿಎಸ್‌ವಿ ಕಡತಕ್ಕೆ ಇಳಿಸಿ, ಅದನ್ನು ತಿಜೋರಿಗೆ ಏರಿಸಿದೆ. ಐದು ನಿಮಿಷದ ಕೆಲಸ. ಆದರೆ ಆ ಕಡತ ಡೌನ್‌ಲೋಡ್ ಫೋಲ್ಡರ್‌ನಲ್ಲಿ ನಾಲ್ಕು ತಿಂಗಳು ಹಾಗೇ ಬಿದ್ದಿತ್ತು. ಯಾವ ಗೂಢಲಿಪಿಯೂ ಇಲ್ಲ. ತೆರೆದರೆ ತಾಣ, ಹೆಸರು, ಪಾಸ್‌ವರ್ಡ್ ಸಾಲಾಗಿ ಓದಬಹುದು. ಏರಿಸಿದ ಮೇಲೆ ಅಳಿಸಿ ಎಂದು ಎಕ್ಸ್‌ಟೆನ್ಷನ್ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೀವು ಹೊಸದಾಗಿ ಶುರು ಮಾಡುವವರಾದರೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿ.

ತಿಜೋರಿಯನ್ನೇ ತೆರೆಯುವ ಮಾಸ್ಟರ್ ಪಾಸ್‌ವರ್ಡ್‌ಗೆ ಡೈಸ್‌ವೇರ್ ವಿಧಾನ ಹಿಡಿದೆ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಸೂಚಿಸಿದ ಉಪಾಯ ಇದು: ಐದು ದಾಳ ಉರುಳಿಸಿ, ಬಂದ ಅಂಕಿಗಳಿಗೆ 7,776 ಪದಗಳ ಪಟ್ಟಿಯಲ್ಲಿ ಯಾವ ಪದವಿದೆಯೋ ಅದನ್ನು ಬರೆದುಕೊಳ್ಳುವುದು. ನನ್ನ ಬಳಿ ಇದ್ದದ್ದು ಒಂದೇ ದಾಳ. ಆರು ಪದಕ್ಕೆ ಮೂವತ್ತು ಸಲ ಉರುಳಿಸಿದೆ. ಮೂರನೆಯ ಪದ ಬಾಯಿಗೆ ಹಿಡಿಸಲಿಲ್ಲ, ಬದಲಾಯಿಸೋಣ ಎನಿಸಿತು. ಮಾಡಲಿಲ್ಲ, ಏಕೆಂದರೆ ನನಗೆ ಹಿಡಿಸುವ ಪದಗಳನ್ನೇ ಆರಿಸಿಕೊಳ್ಳುವುದಾದರೆ ದಾಳ ಯಾಕೆ? ಕಾಗದದ ಮೇಲೆ ಬರೆದು ಒಂದು ಪುಸ್ತಕದೊಳಗೆ ಇಟ್ಟೆ. ಆಮೇಲೆ ಬೆರಳಚ್ಚಿನಿಂದ ತೆರೆಯುವ ಸೌಲಭ್ಯ ಚಾಲೂ ಮಾಡಿದೆ. ಮೂರು ವಾರಗಳ ನಂತರ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿ, ಎಕ್ಸ್‌ಟೆನ್ಷನ್ ಮಾಸ್ಟರ್ ಪಾಸ್‌ವರ್ಡ್ ಕೇಳಿತು. ಐದು ಪದ ಬಂದವು, ಒಂದು ಬರಲಿಲ್ಲ. ಕಾಗದ ಇಟ್ಟದ್ದು ನೆನಪಿತ್ತು, ಯಾವ ಪುಸ್ತಕ ಎಂಬುದು ನೆನಪಿರಲಿಲ್ಲ. ಇಡೀ ಕಪಾಟು ಕೆಳಗಿಳಿಯಿತು. ಕಂಪನಿಯನ್ನು ಕೇಳಿ ಪ್ರಯೋಜನವಿಲ್ಲ. ಮಾಸ್ಟರ್ ಪಾಸ್‌ವರ್ಡ್ ಅವರ ಬಳಿ ಇರುವುದೇ ಇಲ್ಲ, ಇರಬಾರದು ಕೂಡ. ಅಂದಿನಿಂದ ವಾರಕ್ಕೊಮ್ಮೆ ಬೆರಳಚ್ಚು ಬಿಟ್ಟು ಕೈಯಾರೆ ಟೈಪ್ ಮಾಡುತ್ತೇನೆ.

ಇನ್ನು ಆ ಮೌನದ ಕಥೆ. ಮೂರನೆಯ ವರ್ಷ. ನಿಜವಾಗಿಯೂ ಒಂದು ಪಾರ್ಸೆಲ್‌ಗಾಗಿ ಕಾಯುತ್ತಿದ್ದೆ. ವಿಳಾಸ ಅಪೂರ್ಣವಾಗಿದೆ, ದೃಢಪಡಿಸಿ ಎಂಬ ಸಂದೇಶ ಬಂತು. ಕೊಂಡಿ ಒತ್ತಿದರೆ ಇಮೇಲ್ ಖಾತೆಯಿಂದ ಲಾಗಿನ್ ಆಗಿ ಎಂಬ ಪುಟ. ಲೋಗೋ ಸರಿ, ಬಣ್ಣ ಸರಿ, ಕೆಳಗಿನ ಸಣ್ಣ ಅಕ್ಷರಗಳೂ ಸರಿ. ಎಂದಿನಂತೆ ಹೆಸರಿನ ಖಾನೆ ಒತ್ತಿದೆ. ನನ್ನ ಖಾತೆ ಇಳಿದು ಬರಬೇಕಾದ ಜಾಗದಲ್ಲಿ ಏನೂ ಇಲ್ಲ. ಎಕ್ಸ್‌ಟೆನ್ಷನ್‌ನ ಚಿಹ್ನೆಯ ಮೇಲೆ ಸಾಮಾನ್ಯವಾಗಿ ಕಾಣುವ 1 ಎಂಬ ಅಂಕಿಯೂ ಇಲ್ಲ. ಮತ್ತೆ ಶುರುವಾಯಿತಲ್ಲ ಇದರ ರಗಳೆ ಎಂದು ಬೈದುಕೊಂಡು, ಎಕ್ಸ್‌ಟೆನ್ಷನ್ ತೆರೆದು, ಹುಡುಕಿ, ಆ ಖಾತೆಯನ್ನು ಬಿಚ್ಚಿ, ಪಾಸ್‌ವರ್ಡ್ ಕಾಪಿ ಮಾಡಿದೆ. ಇನ್ನೇನು ಪೇಸ್ಟ್ ಮಾಡಬೇಕು. ಬಿಚ್ಚಿದ ಖಾತೆಯ ಕೆಳಗೆ ಉಳಿಸಿಟ್ಟ ವಿಳಾಸ ಕಾಣುತ್ತಿತ್ತು, ಅದರ ಮೇಲೆಯೇ ಬ್ರೌಸರ್‌ನ ಅಡ್ರೆಸ್ ಬಾರ್. ಎರಡೂ ಒಂದರ ಮೇಲೊಂದು ಬಂದದ್ದರಿಂದ ಕಣ್ಣಿಗೆ ಬಿತ್ತು: ಮೇಲಿನದರಲ್ಲಿ ಇಮೇಲ್ ಸೇವೆಯ ಹೆಸರಿನ ಮುಂದೆ ಚುಕ್ಕೆ ಇರಬೇಕಾದಲ್ಲಿ ಒಂದು ಅಡ್ಡಗೆರೆ, ಆಮೇಲೆ ಇನ್ನೊಂದು ಪದ.

ಆ ಅಡ್ಡಗೆರೆಯನ್ನು ನಾನಾಗಿ ಎಂದೂ ಗಮನಿಸುತ್ತಿರಲಿಲ್ಲ. ಎಕ್ಸ್‌ಟೆನ್ಷನ್‌ಗೆ ಲೋಗೋ, ಬಣ್ಣ ಯಾವುದೂ ಕಾಣುವುದಿಲ್ಲ. ಅದು ನೋಡುವುದು ಡೊಮೈನ್ ಒಂದನ್ನೇ, ಅಂದರೆ ವಿಳಾಸದಲ್ಲಿರುವ ತಾಣದ ಹೆಸರನ್ನು. ಲ್ಯಾಟಿನ್ ‘ಎ’ ಬದಲು ನೋಡಲು ಹಾಗೆಯೇ ಇರುವ ಸಿರಿಲಿಕ್ ‘ಎ’ ಹಾಕಿದರೂ ಅದರ ಪಾಲಿಗೆ ಅದು ಬೇರೆಯೇ ಊರು. ನನ್ನ ಇಮೇಲ್‌ಗೆ ಪಾಸ್‌ವರ್ಡ್ ಜೊತೆಗೆ ಹಾಕಬೇಕಾದ, 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಕೋಡ್ ಕೂಡ ಇತ್ತು, ಆದರೆ ಅಂದು ಅದರಿಂದ ಉಪಯೋಗವಾಗುತ್ತಿತ್ತು ಎಂಬ ಭರವಸೆ ನನಗಿಲ್ಲ: ನಕಲಿ ಪುಟಗಳು ಆ ಕೋಡನ್ನೂ ಕೇಳಿ ಪಡೆದು, 30 ಸೆಕೆಂಡು ಮುಗಿಯುವ ಮೊದಲೇ ಅಸಲಿ ತಾಣಕ್ಕೆ ದಾಟಿಸಬಲ್ಲವು. ಹಣ ಕಟ್ಟುವುದಕ್ಕೆ ನನಗೆ ಆ ಒಂದು ಸಂಜೆಯೇ ಸಾಕು.

ತೊಂದರೆ ಏನೆಂದರೆ, ಅಂದು ನಾನು ಬೈದುಕೊಂಡದ್ದಕ್ಕೂ ಕಾರಣವಿತ್ತು. ಅದು ವಿನಾಕಾರಣ ಸುಮ್ಮನಿರುವುದನ್ನು ಅದಕ್ಕೆ ಮೊದಲು ಹತ್ತಾರು ಬಾರಿ ನೋಡಿದ್ದೆ. ಮೊದಲ ಪುಟದಲ್ಲಿ ಹೆಸರು, ಎರಡನೆಯ ಪುಟದಲ್ಲಿ ಪಾಸ್‌ವರ್ಡ್ ಕೇಳುವ ತಾಣಗಳಲ್ಲಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಲಾಗಿನ್ ಖಾನೆಗಳನ್ನು ಇನ್ನೊಂದು ಪುಟದೊಳಗೆ ಹುದುಗಿಸಿಟ್ಟಿದ್ದರೆ ಪೆಚ್ಚಾಗುತ್ತದೆ. ಕಂಪನಿಯೊಂದು ತನ್ನ ಲಾಗಿನ್ ಪುಟವನ್ನು ಹೊಸ ಡೊಮೈನ್‌ಗೆ ಸಾಗಿಸಿದರೆ ಅಸಲಿ ಪುಟದಲ್ಲೂ ಮೌನ. ಅದರ ಮೇಲೆ ಕ್ರೋಮ್‌ನ ಮ್ಯಾನಿಫೆಸ್ಟ್ ವಿ3 ನಿಯಮ: ಎಕ್ಸ್‌ಟೆನ್ಷನ್‌ನ ಹಿನ್ನೆಲೆ ಪ್ರೋಗ್ರಾಂ 30 ಸೆಕೆಂಡು ಕೆಲಸವಿಲ್ಲದೆ ಇದ್ದರೆ ಬ್ರೌಸರ್ ಅದನ್ನು ಮಲಗಿಸುತ್ತದೆ, ಬೇಕಾದಾಗ ಎಬ್ಬಿಸುತ್ತದೆ. ಕೆಲವು ಆವೃತ್ತಿಗಳಲ್ಲಿ ನನ್ನದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ನಾನು ಪುಟವನ್ನು ಎರಡು ಬಾರಿ ರಿಫ್ರೆಶ್ ಮಾಡಿರುತ್ತಿದ್ದೆ. ದಿನಕ್ಕೊಂದು ಸಲ ತೋಳ ಬಂತು ಎನ್ನುವ ಹುಡುಗನ ಕೂಗನ್ನು ಯಾರು ಕೇಳುತ್ತಾರೆ? ಇದು ಕೂಗುವುದೂ ಇಲ್ಲ. ಈ ತಾಣಕ್ಕೆ ಹೊಂದುವ ಖಾತೆ ನನ್ನ ಬಳಿ ಇಲ್ಲ, ಆದರೆ ಇದೇ ಹೆಸರಿನ ಇನ್ನೊಂದು ತಾಣದ್ದು ಇದೆ ಎಂದು ಒಂದು ಸಾಲು ತೋರಿಸಲು ಏನು ಕಷ್ಟ? ಆರು ವರ್ಷಗಳಲ್ಲಿ ಎರಡು ಬಾರಿ ಈ ಸಲಹೆ ಬರೆದು ಕಳುಹಿಸಿದ್ದೇನೆ. ಧನ್ಯವಾದ ಎಂಬ ಉತ್ತರ ಎರಡು ಬಾರಿಯೂ ಬಂತು.

ಈಗ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಅದು ತುಂಬದಿದ್ದರೆ ಕಾಪಿ ಮಾಡುವುದಿಲ್ಲ. ಮೊದಲು ತಿಜೋರಿ ತೆರೆದಿದೆಯೇ ನೋಡುತ್ತೇನೆ, ಆಮೇಲೆ ವಿಳಾಸವನ್ನು ಬಲದಿಂದ ಎಡಕ್ಕೆ ಓದುತ್ತೇನೆ. ಅನುಮಾನವಿದ್ದರೆ ಪುಟ ಮುಚ್ಚಿ, ತಿಜೋರಿಯೊಳಗಿನ ವಿಳಾಸದ ಮೇಲೆಯೇ ಒತ್ತಿ ಹೊಸದಾಗಿ ಹೋಗುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಭಯವೂ ಇದೆ: ಕೇಳದೆಯೇ ತುಂಬಿಬಿಡುವುದು. ಪುಟ ತೆರೆದ ಕೂಡಲೇ ತಾನಾಗಿ ತುಂಬುವ ಆಯ್ಕೆಯನ್ನು ದಯವಿಟ್ಟು ಆಫ್ ಮಾಡಿ. ಪುಟಗಳಲ್ಲಿ ಕಣ್ಣಿಗೆ ಕಾಣದ ಲಾಗಿನ್ ಖಾನೆ ಸೃಷ್ಟಿಸಿ, ಬ್ರೌಸರ್ ಅಲ್ಲಿ ತುಂಬಿದ ಇಮೇಲ್ ವಿಳಾಸವನ್ನು ಜಾಹೀರಾತಿಗಾಗಿ ಜಾಡು ಹಿಡಿಯಲು ಹೆಕ್ಕಿಕೊಳ್ಳುವ ಸ್ಕ್ರಿಪ್ಟ್‌ಗಳನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲೇ ಪತ್ತೆ ಮಾಡಿದ್ದರು. ಒತ್ತಿದರೆ ಮಾತ್ರ ತುಂಬು ಎಂದು ಇಟ್ಟರೂ ಪೂರ್ಣ ನೆಮ್ಮದಿ ಇಲ್ಲ. 2025ರ ಆಗಸ್ಟ್‌ನಲ್ಲಿ ಹ್ಯಾಕರ್‌ಗಳ ಡೆಫ್ ಕಾನ್ ಸಮ್ಮೇಳನದಲ್ಲಿ ಮಾರೆಕ್ ಟೋತ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ: ಎಕ್ಸ್‌ಟೆನ್ಷನ್ ಪುಟದೊಳಗೆ ಇಳಿಸುವ ಪಟ್ಟಿಯನ್ನು ಕೆಟ್ಟ ತಾಣವೊಂದು ಪಾರದರ್ಶಕ ಮಾಡಿ, ಕುಕೀ ಒಪ್ಪಿಗೆಯಂಥ ಗುಂಡಿಯ ಜಾಗಕ್ಕೆ ತರಬಹುದು, ನಾವು ಒಪ್ಪಿಗೆ ಒತ್ತಿದೆವು ಎಂದುಕೊಂಡದ್ದು ತುಂಬು ಎಂಬ ಆಜ್ಞೆಯಾಗಿರುತ್ತದೆ. ಅಂದಿನಿಂದ ನಾನು ಪುಟದೊಳಗಿನ ಪಟ್ಟಿಯನ್ನೇ ನಿಲ್ಲಿಸಿ, ಮೇಲಿನ ಚಿಹ್ನೆ ಒತ್ತಿ ತುಂಬುತ್ತಿದ್ದೇನೆ. ಒಂದು ಕ್ಲಿಕ್ ಹೆಚ್ಚು.

ಪಾಸ್‌ವರ್ಡ್ ಹುಟ್ಟಿಸುವ ಯಂತ್ರದ ಬಗ್ಗೆ ದೂರಿಲ್ಲ, ತಾಣಗಳ ಬಗ್ಗೆ ಇದೆ. ಒಂದು ವಿಮಾ ತಾಣದಲ್ಲಿ 24 ಅಕ್ಷರಗಳ ಪಾಸ್‌ವರ್ಡ್ ಹಾಕಿ ನೋಂದಾಯಿಸಿದೆ. ಯಶಸ್ವಿ ಎಂದಿತು. ಮರುನಿಮಿಷ ಲಾಗಿನ್ ಆಗಲು ಹೋದರೆ ತಪ್ಪು ಪಾಸ್‌ವರ್ಡ್. ಮೂರು ಬಾರಿ ಬದಲಾಯಿಸಿದೆ, ಮೂರೂ ಬಾರಿ ಅದೇ ಹಾಡು. ಕೊನೆಗೆ ನೋಂದಣಿ ಖಾನೆಯಲ್ಲಿನ ಚುಕ್ಕೆಗಳನ್ನು ಬೆರಳಿಟ್ಟು ಎಣಿಸಿದೆ: ಹದಿನಾರು. ಉಳಿದ ಎಂಟನ್ನು ಸದ್ದಿಲ್ಲದೆ ಕತ್ತರಿಸಿ ಹಾಕಿತ್ತು. ಲಾಗಿನ್ ಖಾನೆ ಮಾತ್ರ ಇಪ್ಪತ್ತನಾಲ್ಕನ್ನೂ ತೆಗೆದುಕೊಳ್ಳುತ್ತಿತ್ತು. ಹೀಗೆ ಕತ್ತರಿಸಕೂಡದು, ಕನಿಷ್ಠ 64 ಅಕ್ಷರಗಳವರೆಗೆ ಅವಕಾಶವಿರಬೇಕು, ಪೇಸ್ಟ್ ಮಾಡಲು ಬಿಡಬೇಕು ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಬರೆದಿದೆ. ಪೇಸ್ಟ್ ತಡೆದು ಭದ್ರತೆ ಹೆಚ್ಚಿಸಿದೆವು ಎಂದು ಬೀಗುವವರಿಗೆ ಕೈಯಿಂದ ಟೈಪ್ ಮಾಡಬಲ್ಲ ಪಾಸ್‌ವರ್ಡೇ ಸಿಗುತ್ತದೆ, ಅಂದರೆ ದುರ್ಬಲವಾದದ್ದು.

2022ರಲ್ಲಿ ಬಿಟ್ಟುಬಿಡುವ ಯೋಚನೆ ಬಂದಿತ್ತು. ಲಾಸ್ಟ್‌ಪಾಸ್ ಸೇವೆಯ ಬಳಕೆದಾರರ ತಿಜೋರಿಗಳ ಬ್ಯಾಕಪ್ ಪ್ರತಿಗಳನ್ನೇ ಕಳ್ಳರು ನಕಲು ಮಾಡಿಕೊಂಡರು ಎಂಬುದು ಆ ಡಿಸೆಂಬರ್‌ನಲ್ಲಿ ಹೊರಬಂತು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ತಾಣಗಳ ವಿಳಾಸಗಳು ಬಯಲಾಗಿದ್ದವು. ನನ್ನದು ಆ ಸೇವೆಯಲ್ಲ, ಆದರೂ ಅಂದು ಮೊದಲ ಬಾರಿಗೆ ನನ್ನ ಸೆಟ್ಟಿಂಗ್ಸ್‌ನ ಒಳಮನೆಗೆ ಇಳಿದೆ. ಮಾಸ್ಟರ್ ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸುವಾಗ ಲೆಕ್ಕವನ್ನು ಎಷ್ಟು ಬಾರಿ ಮತ್ತೆ ಮತ್ತೆ ಮಾಡಬೇಕು ಎಂಬ ಸಂಖ್ಯೆ ಅಲ್ಲಿರುತ್ತದೆ. ಅದು ದೊಡ್ಡದಾದಷ್ಟೂ ಊಹಿಸಿ ಒಡೆಯುವವನಿಗೆ ಪ್ರತಿ ಊಹೆಯೂ ದುಬಾರಿ. ಹೀಗೆ ಕೀಲಿ ತಯಾರಿಸುವ ಪಿಬಿಕೆಡಿಎಫ್2 ಎಂಬ ವಿಧಾನಕ್ಕೆ ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್ ಈಗ ಹೇಳುವುದು 6,00,000. ನನ್ನ ಖಾತೆ ಹಳೆಯದಾದ್ದರಿಂದ 1,00,000ದಲ್ಲೇ ನಿಂತಿತ್ತು. ಹೊಸಬರಿಗೆ ಹೊಸ ಲೆಕ್ಕ, ಹಳಬರು ತಾವೇ ಹುಡುಕಿಕೊಳ್ಳಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಗೊತ್ತು. ಇಲ್ಲಿ ಪಕ್ಕದ ಕೋಟೆ ಸೂರೆ ಹೋದದ್ದರಿಂದ ನನ್ನ ಬಾಗಿಲು ನೆನಪಾಯಿತು. ಬದಲಾಯಿಸಿಕೊಂಡು ಉಳಿದೆ.

ಸಣ್ಣಪುಟ್ಟವು: ಎರಡು ವರ್ಷಗಳ ಹಿಂದೆ ವಿನ್ಯಾಸ ಬದಲಾಯಿತು, ಸಾಲಿನ ಮೇಲೆ ಒತ್ತಿದರೆ ತುಂಬುತ್ತಿದ್ದದ್ದು ಈಗ ಖಾತೆಯನ್ನು ಬಿಚ್ಚಿ ತೋರಿಸುತ್ತದೆ, ತುಂಬಲು ಬದಿಯ ಪುಟ್ಟ ಗುಂಡಿ ಹುಡುಕಬೇಕು. ಹೊಸ ಖಾತೆ ಮಾಡಿದಾಗ ಉಳಿಸಲೇ ಎಂದು ಕೇಳುವ ಪಟ್ಟಿ ಪುಟ ಬದಲಾದರೆ ಮಾಯವಾಗುತ್ತದೆ. ಹುಟ್ಟಿಸಿದ ಪಾಸ್‌ವರ್ಡ್‌ಗಳ ಇತಿಹಾಸ ಇಲ್ಲದಿದ್ದರೆ ನಾನು ಎಷ್ಟೋ ಖಾತೆಗಳಿಂದ ಹೊರಗುಳಿಯುತ್ತಿದ್ದೆ. ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ವಿಷಯದಲ್ಲಿ ಬ್ರೌಸರ್, ಲ್ಯಾಪ್‌ಟಾಪ್, ಎಕ್ಸ್‌ಟೆನ್ಷನ್ ಮೂವರೂ ನಾನು ಉಳಿಸುತ್ತೇನೆ ಎಂದು ಒಬ್ಬರ ಮೇಲೊಬ್ಬರು ಕಿಟಕಿ ತೆರೆಯುತ್ತಾರೆ. ಎರಡು ಪಾಸ್‌ಕೀಗಳು ಯಾರ ಬಳಿ ಹೋದವೋ ನನಗೆ ಇಂದಿಗೂ ಪತ್ತೆಯಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಆ ಕಿಟಕಿಗಳು ಎದ್ದ ದಿನ ಮೂರೂವರೆ.

ಕಳೆದ ತಿಂಗಳು ಅಕ್ಕನಿಗೂ ಇದನ್ನು ಹಾಕಿಕೊಟ್ಟೆ. ಮೂರನೆಯ ದಿನವೇ ಫೋನ್.

“ನಿನ್ನ ಈ ಯಂತ್ರ ಏನನ್ನೂ ತುಂಬುತ್ತಿಲ್ಲ ಕಣೋ. ಹಳೆಯ ಡೈರಿ ನೋಡಿ ನಾನೇ ಹಾಕಿಬಿಡಲಾ?”

“ಬೇಡ ಅಕ್ಕ, ಏನನ್ನೂ ಹಾಕಬೇಡ. ಮೇಲಿರುವ ವಿಳಾಸವನ್ನು ಒಂದೊಂದೇ ಅಕ್ಷರ ಓದು.”

ಓದಿದಳು. ನಾನು ಈ ಕಡೆ ಬರೆದುಕೊಂಡು, ಹಿಂದಿನಿಂದ ಮುಂದಕ್ಕೆ ಎರಡು ಬಾರಿ ನೋಡಿದೆ. ಎಲ್ಲ ಸರಿಯಾಗಿತ್ತು. ಹದಿನೈದು ನಿಮಿಷ ಮುಟ್ಟದೆ ಇದ್ದದ್ದಕ್ಕೆ ತಿಜೋರಿ ಬೀಗ ಹಾಕಿಕೊಂಡಿತ್ತು, ಅಷ್ಟೇ.